ಶಿಬಿರ ಕೊನೆಗೆ, ದುಡ್ಡಿನ ಜಾಡು ಮೊದಲು

ಒಂದು ಪ್ರದೇಶದ ಜನ ತಮ್ಮ ದುಡಿಮೆ, ಮಾರಾಟ, ಉಳಿತಾಯವನ್ನು ತಾವೇ ನಡೆಸಿಕೊಂಡು ಹೋಗುವ ಹಾಗೆ ತಯಾರು ಮಾಡುವುದು ನನ್ನ ಕೆಲಸ. ಕಾಗದದಲ್ಲಿ ಇದಕ್ಕೆ ‘ಸ್ಥಳೀಯ ಸಾಮರ್ಥ್ಯ ವೃದ್ಧಿ’ ಅಂತ ಹೆಸರು. ಹೆಸರು ಕೇಳಿದ ಕೂಡಲೇ ತರಬೇತಿ ಶಿಬಿರ, ಹಾಜರಿ ಪುಸ್ತಕ, ಪ್ರಮಾಣಪತ್ರ, ಗ್ರೂಪ್ ಫೋಟೊ ಕಣ್ಣ ಮುಂದೆ ಬರುತ್ತವೆ ಅಲ್ವಾ? ನಾನು ಶಿಬಿರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ದುಡ್ಡಿನ ಜಾಡು ಹಿಡಿಯಬೇಕು.

ನೆಲದ ಮೇಲೆ ದೊಡ್ಡ ಹಾಳೆ ಹಾಸುತ್ತೇವೆ. ಇಲ್ಲಿಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಜನರೇ ಬರೆಯುತ್ತಾರೆ. ಬರುವ ಕಡೆ ಬೆಳೆ, ಕೂಲಿ, ಹೊರಗೆ ದುಡಿಯುವ ಮಕ್ಕಳು ಕಳಿಸುವ ಹಣ, ಪಿಂಚಣಿ. ಹೋಗುವ ಕಡೆ ಬಡ್ಡಿ, ಕಚ್ಚಾ ಸಾಮಾನು, ಆಸ್ಪತ್ರೆ, ರಿಪೇರಿ, ಹೊರಗಿನ ಗುತ್ತಿಗೆದಾರ. ಸಾಮಾನ್ಯವಾಗಿ ಎಲ್ಲರೂ ‘ನಮ್ಮಲ್ಲಿ ದುಡ್ಡೇ ಇಲ್ಲ’ ಎಂದುಕೊಂಡೇ ಕೂತಿರುತ್ತಾರೆ. ಹಾಳೆ ತುಂಬುವ ಹೊತ್ತಿಗೆ, ಬಂದ ದುಡ್ಡು ನಿಲ್ಲುತ್ತಿಲ್ಲ ಎನ್ನುವುದು ಕಾಣುತ್ತದೆ.

ಇದಕ್ಕೆ ಸರಳವಾದ ಒಂದು ಲೆಕ್ಕ ಹೇಳಿಕೊಡುತ್ತೇನೆ. ಹೊರಗಿಂದ 100 ಬಂತು ಅಂದುಕೊಳ್ಳಿ. ಪ್ರತಿ ಸಲ ಕೈ ಬದಲಾದಾಗ ನೂರಕ್ಕೆ 20 ಮಾತ್ರ ಒಳಗೆ ಉಳಿದರೆ, ಆ ದುಡ್ಡು ಸುತ್ತಿ ಸುತ್ತಿ (100, ಆಮೇಲೆ 20, ಆಮೇಲೆ 4, ಹೀಗೆ) ಒಟ್ಟು 125ರ ವ್ಯವಹಾರ ಮಾಡುತ್ತದೆ, ಅಷ್ಟೇ. ನೂರಕ್ಕೆ 80 ಉಳಿದರೆ ಅದೇ 100 ಒಟ್ಟು 500ರ ವ್ಯವಹಾರ ಮಾಡುತ್ತದೆ. ಶಾಲೆ ಬಿಟ್ಟವರೂ ಕೂಡಿಸಿ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಹೊಸ ಕೈಗಾರಿಕೆ ತರುವ ಮಾತಿಗಿಂತ ಸೋರಿಕೆ ಮುಚ್ಚುವ ಮಾತು ಮೊದಲು ಬರುವುದು ಇಲ್ಲಿಂದಲೇ. ಎಲ್ಲವನ್ನೂ ಒಳಗೇ ಮಾಡಿಕೊಳ್ಳಬೇಕು ಎನ್ನುವವನಲ್ಲ ನಾನು. ಅದು ಆಗದ ಮಾತು. ಆದರೆ ರಿಪೇರಿ, ಸಾಗಾಟ, ಸಣ್ಣ ಸಾಲದಂಥ ಕೆಲಸಗಳಲ್ಲಿ ಬೇಗ ದಾರಿ ಸಿಗುತ್ತದೆ.

ಮುಂದಿನ ಪ್ರಶ್ನೆ ಕಷ್ಟದ್ದು. ಈ ಹಾಳೆಯ ಸುತ್ತ ಯಾರು ಇಲ್ಲ? ಭೂಮಿ ಇಲ್ಲದವರು, ವಲಸೆ ಬಂದವರು, ಅಂಗವಿಕಲರು, ಮನೆಗೆಲಸ ಮುಗಿಯದ ಹೆಂಗಸರು. ‘ಕರೆದಿದ್ದೆವು, ಬರಲಿಲ್ಲ’ ಅನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಕೂಲಿಯ ಹೊತ್ತಿನಲ್ಲಿ ಸಭೆ ಇಟ್ಟರೆ ಕೂಲಿಯವರು ಹೇಗೆ ಬರುತ್ತಾರೆ? ಹೀಗಾಗಿ ದೊಡ್ಡ ಸಭೆಗೆ ಮುಂಚೆ ಅವರ ಜೊತೆ, ಅವರ ಹೊತ್ತಿಗೆ, ಅವರಿರುವಲ್ಲೇ ಬೇರೆ ಬೇರೆಯಾಗಿ ಕೂರುತ್ತೇನೆ. ಅವರು ಹೇಳಿದ್ದನ್ನು ದೊಡ್ಡ ಸಭೆಯಲ್ಲಿ ನಾನು ಹೇಳುವುದಿಲ್ಲ. ಅವರೇ ಆರಿಸಿದ ಇಬ್ಬರು ಹೇಳುತ್ತಾರೆ. ಒಬ್ಬರೇ ಆದರೆ ಹೆದರಿ ಸುಮ್ಮನಾಗುತ್ತಾರೆ, ಇಲ್ಲವೇ ದೊಡ್ಡವರು ಒಲಿಸಿಕೊಳ್ಳುತ್ತಾರೆ. ಇಬ್ಬರಿದ್ದರೆ ಎರಡೂ ಅಷ್ಟು ಸುಲಭವಲ್ಲ.

ಕುರ್ಚಿ ಕೊಟ್ಟ ಮಾತ್ರಕ್ಕೆ ಅಧಿಕಾರ ಬಂತು ಅಂತ ಅಲ್ಲ. ಅಮೆರಿಕದ ನೀತಿ ತಜ್ಞೆ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ಮೂರನೇ, ನಾಲ್ಕನೇ ಮೆಟ್ಟಿಲು. ನಿಜವಾದ ಅಧಿಕಾರ ಶುರುವಾಗುವುದು ಆರನೆಯದರಿಂದ. ನಾನು ನೋಡಿದ ಬಹುಪಾಲು ಯೋಜನೆಗಳು ನಾಲ್ಕರಲ್ಲೇ ನಿಂತು ಚಪ್ಪಾಳೆ ಹೊಡೆದುಕೊಂಡಿವೆ. ಯೂರೋಪಿಯನ್ ಸಮುದಾಯ (ಈಗಿನ ಯೂರೋಪಿಯನ್ ಒಕ್ಕೂಟ) 1991ರಲ್ಲಿ ಗ್ರಾಮೀಣ ಪ್ರದೇಶಗಳಿಗಾಗಿ ಶುರು ಮಾಡಿದ ‘ಲೀಡರ್’ ಯೋಜನೆಯ ಒಂದು ನಿಯಮ ನನಗೆ ಬಹಳ ಇಷ್ಟ. ಅದರ ಸ್ಥಳೀಯ ಗುಂಪುಗಳ ತೀರ್ಮಾನಗಳಲ್ಲಿ ಸರ್ಕಾರಿ ಕಚೇರಿಗಳಿಗಾಗಲಿ, ಬೇರೆ ಯಾವುದೇ ಒಂದು ಹಿತಾಸಕ್ತಿಗಾಗಲಿ 49 ಪರ್ಸೆಂಟ್‌ಗಿಂತ ಜಾಸ್ತಿ ಮತ ಇರುವಂತಿಲ್ಲ ಎಂದು 2013ರ ನಿಯಮಾವಳಿ ಹೇಳಿತ್ತು. ಇದೇ ತತ್ವವನ್ನು ನಮ್ಮಲ್ಲಿ ಜನ ಕಟ್ಟಿಕೊಳ್ಳುವ ಗುಂಪುಗಳ ನಿಯಮದಲ್ಲೂ ಬರೆಸುತ್ತೇನೆ. ಬ್ಯಾಂಕ್ ಖಾತೆಗೆ ಸಹಿ ಹಾಕುವವರಲ್ಲಿ ಒಬ್ಬರಾದರೂ ಹಿಂದಿನಿಂದ ಹೊರಗುಳಿದ ಗುಂಪಿನವರಾಗಿರಬೇಕು ಅಂತಲೂ ಸೇರಿಸುತ್ತೇನೆ. ಚೆಕ್ಕಿನ ಮೇಲೆ ಸಹಿ ಬೇಕು ಅಂದಾಗ ಮಾತಾಡಿಸುವ ಧಾಟಿಯೇ ಬದಲಾಗುತ್ತದೆ.

ಸಣ್ಣದೊಂದು ನಿಧಿ ಇಡುವುದು ಮುಂದಿನ ಹೆಜ್ಜೆ. ಮುಳುಗಿದರೂ ಯಾರ ಮನೆಯೂ ಮುಳುಗದಷ್ಟು ಸಣ್ಣದು. ಯಾರಿಗೆ ಕೊಡಬೇಕು, ವಾಪಸ್ ಬರದಿದ್ದರೆ ಏನು ಮಾಡಬೇಕು, ಎಲ್ಲ ಅವರದೇ ತೀರ್ಮಾನ. ಜಗಳ ಆಗುತ್ತದೆ, ಆಗಲಿ. ಲೆಕ್ಕ ಬರೆಯುವುದನ್ನು ಕನಿಷ್ಠ ಮೂವರಿಗೆ ಕಲಿಸುತ್ತೇನೆ. ಕಲಿತವರಲ್ಲಿ ಒಬ್ಬರು ನೌಕರಿ ಸಿಕ್ಕಿ ಹೊರಟೇ ಬಿಡುತ್ತಾರೆ, ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು. ಪ್ರತಿ ಸಭೆಯಲ್ಲೂ ಲೆಕ್ಕವನ್ನು ಜೋರಾಗಿ ಓದಬೇಕು. ಓದು ಬರದವರ ನೆನಪಿನ ಶಕ್ತಿ ಯಾವ ಆಡಿಟರ್‌ಗೂ ಕಡಿಮೆ ಇಲ್ಲ. ‘ಹೋದ ಸಲ ಬೇರೆ ಹೇಳಿದ್ರಲ್ಲ’ ಅಂತ ಹಿಂದಿನ ಸಾಲಿನಿಂದ ದನಿ ಬಂದರೆ ಗುಂಪು ಗಟ್ಟಿಯಾಗುತ್ತಿದೆ ಅಂತಲೇ ನನ್ನ ಲೆಕ್ಕ.

ಇದೆಲ್ಲ ನಿಧಾನ. ದುಡ್ಡು ಕೊಡುವವರಿಗೆ ಇದು ಹಿಡಿಸುವುದಿಲ್ಲ. ಅವರಿಗೆ ನಾನು ಸ್ಪೇನಿನ ಮೊಂದ್ರಾಗನ್ ಎಂಬ ಊರಿನ ಕಥೆ ಹೇಳುತ್ತೇನೆ. ಅಲ್ಲಿಗೆ 1941ರಲ್ಲಿ ಬಂದ ಪಾದ್ರಿ ಅರಿಜ್ಮೆಂಡಿಯಾರಿಯೆಟಾ 1943ರಲ್ಲಿ ಒಂದು ತಾಂತ್ರಿಕ ಶಾಲೆ ತೆರೆದರು. ಆ ಶಾಲೆಯಲ್ಲಿ ಕಲಿತ ಐವರು ಮೊದಲ ಸಹಕಾರಿ ಕಾರ್ಖಾನೆ ಶುರು ಮಾಡಿದ್ದು 1956ರಲ್ಲಿ. ನಡುವೆ 13 ವರ್ಷ. ಅವರದೇ ಬ್ಯಾಂಕ್ ಬಂದದ್ದು 1959ರಲ್ಲಿ. ಕೆನಡಾದ ನೋವಾ ಸ್ಕಾಟಿಯಾದಲ್ಲೂ ಹಾಗೆಯೇ. 1928ರ ನಂತರ ಪಾದ್ರಿ ಮೋಸೆಸ್ ಕೋಡಿ ಮತ್ತು ಜೊತೆಗಾರರು ಮೀನುಗಾರರನ್ನೂ ರೈತರನ್ನೂ ಸಣ್ಣ ಓದಿನ ಗುಂಪುಗಳಲ್ಲಿ ಕೂರಿಸಿದರು. ಸಾಲ ಸಂಘ, ಸಹಕಾರಿ ಅಂಗಡಿ, ಲಾಬ್‌ಸ್ಟರ್ ಸಿಗಡಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಆ ಮಾತುಕತೆಯಿಂದ ಹುಟ್ಟಿದವು. ಮೂರು ವರ್ಷದ ಯೋಜನೆಯಲ್ಲಿ ಇಷ್ಟೆಲ್ಲ ಆಗಬೇಕು ಅಂದರೆ ಹೇಗೆ?

ಖರೀದಿದಾರರ ಹತ್ತಿರ ಹೋಗುವಾಗ ನಾನು ಬಾಯಿ ಬಿಡುವುದಿಲ್ಲ. ಮಾತು, ಚೌಕಾಸಿ ಎಲ್ಲ ಗುಂಪಿನವರದ್ದೇ. ಶಿಬಿರ ಬೇಕಾಗುವುದು ಈಗ. ತೂಕ, ಗುಣಮಟ್ಟ, ಕರಾರು ಪತ್ರ ಓದುವುದು ಕಲಿಸಿ ಅಂತ ಅವರೇ ಕೇಳುತ್ತಾರೆ. ಕೇಳಿ ಪಡೆದ ಪಾಠಕ್ಕೆ ಹಾಜರಿ ಹಾಕುವ ಅಗತ್ಯವೇ ಬೀಳುವುದಿಲ್ಲ.

ವರದಿಯಲ್ಲಿ ‘ಇಷ್ಟು ಜನರಿಗೆ ತರಬೇತಿ’ ಅಂತ ಬರೆಯಲೇಬೇಕು, ಬರೆಯುತ್ತೇನೆ. ನನ್ನ ನೋಟ್‌ಬುಕ್‌ನಲ್ಲಿ ಮಾತ್ರ ಬೇರೆ ಪಟ್ಟಿ ಇರುತ್ತದೆ. ನಾನಿಲ್ಲದೆ ಸಭೆ ನಡೆಯಿತೇ? ಪದಾಧಿಕಾರಿ ಬದಲಾದರೇ? ನನ್ನ ಸಲಹೆಯನ್ನು ಯಾವತ್ತಾದರೂ ತಳ್ಳಿಹಾಕಿದರೇ? ಒಂದು ಗುಂಪಿಗೆ ಸಂಸ್ಕರಣೆಯ ಯಂತ್ರ ಕೊಂಡುಕೊಳ್ಳಿ ಅಂತ ಬಹಳ ಹೇಳಿದೆ. ಅವರು ಖರ್ಚು ವೆಚ್ಚ ಹಾಕಿ ನೋಡಿ, ಬೇಡ, ಹಂಗಾಮಿಗೆ ಬಾಡಿಗೆ ತರ್ತೀವಿ ಅಂದರು. ಕೊಂಡಿದ್ದರೇ ಒಳ್ಳೆಯದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅಲ್ಲಿಗೆ ಹೋಗುವುದನ್ನು ಕಡಿಮೆ ಮಾಡಿದ್ದು ಆ ತೀರ್ಮಾನದ ನಂತರವೇ.