‘ಕೇಳಲ್ಲ’ ಎಂಬ ಒಂದು ಮಾತು: ‘ಕಾಪ್ ಲ್ಯಾಂಡ್’ಗೆ ಕನ್ನಡ ಸಬ್‌ಟೈಟಲ್ ಬರೆದ ಅನುಭವ

ಹಾಲಿವುಡ್ ನಟ ಸಿಲ್ವೆಸ್ಟರ್ ಸ್ಟಲೋನ್ ಸಿನಿಮಾ ನೋಡೋದಕ್ಕೆ ಅಪ್ಪನಿಗೆ ಯಾವತ್ತೂ ಇಂಗ್ಲಿಷ್ ಬೇಕಾಗಿರಲಿಲ್ಲ. 1982ರ ‘ಫಸ್ಟ್ ಬ್ಲಡ್’ ಇರಲಿ, 1993ರ ‘ಕ್ಲಿಫ್‌ಹ್ಯಾಂಗರ್’ ಇರಲಿ, ಯಾರು ಯಾರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಅನ್ನೋದು ನೋಡಿದರೇ ಗೊತ್ತಾಗುತ್ತದೆ. ‘ಕಾಪ್ ಲ್ಯಾಂಡ್’ ಹಾಕಿದ ದಿನ ಮಾತ್ರ ಅಪ್ಪ ಸ್ವಲ್ಪ ಹೊತ್ತಿಗೇ ಕೇಳಿದರು: “ಇವನ್ಯಾಕೆ ಯಾರಿಗೂ ಹೊಡೀತಿಲ್ಲ? ಎಲ್ಲರೂ ಇವನಿಗೆ ಏನು ಹೇಳ್ತಿದ್ದಾರೆ?” ಎರಡನೇ ಪ್ರಶ್ನೆಗೆ ಉತ್ತರ ಕೊಡಲು ಹೊರಟು ಇಡೀ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆದೆ. ಕೆಲಸ ಮುಗಿಯಲು ಎರಡು ತಿಂಗಳು ಹಿಡಿಯಿತು. ಚಿತ್ರದ ಕೊನೆಯ ಬಗ್ಗೆಯೂ ಇಲ್ಲಿ ಬರೆದಿದ್ದೇನೆ, ನೋಡದವರು ಮೊದಲು ನೋಡಿಬಿಡಿ.

ಜೇಮ್ಸ್ ಮ್ಯಾಂಗೋಲ್ಡ್ ಬರೆದು ನಿರ್ದೇಶಿಸಿದ ಈ ಚಿತ್ರ ಬಂದದ್ದು 1997ರಲ್ಲಿ. ನ್ಯೂಯಾರ್ಕ್‌ನಿಂದ ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿದರೆ ನ್ಯೂಜೆರ್ಸಿಯಲ್ಲಿ ಗ್ಯಾರಿಸನ್ ಎಂಬ ಕಲ್ಪಿತ ಊರು. ಅಲ್ಲಿ ತುಂಬಿರುವವರು ನ್ಯೂಯಾರ್ಕ್ ಪೊಲೀಸರು, ಅವರ ಮೇಲಿನವನು ರೇ ಡಾನ್ಲನ್, ಅಂದರೆ ಹಾರ್ವಿ ಕೈಟೆಲ್. ಊರಿನ ಶೆರಿಫ್ (ಸ್ಥಳೀಯ ಪೊಲೀಸ್ ಮುಖ್ಯಸ್ಥ) ಫ್ರೆಡ್ಡಿ ಹೆಫ್ಲಿನ್ ಆಗಿ ಸ್ಟಲೋನ್. ಹುಡುಗನಾಗಿದ್ದಾಗ ನೀರಿಗೆ ಬಿದ್ದ ಕಾರಿನಿಂದ ಒಬ್ಬ ಹುಡುಗಿಯನ್ನು ಕಾಪಾಡಲು ಹೋಗಿ ಒಂದು ಕಿವಿ ಕೇಳದಂತಾದವನು ಫ್ರೆಡ್ಡಿ. ಆ ಕಿವಿಯ ಕಾರಣಕ್ಕೇ ನ್ಯೂಯಾರ್ಕ್ ಪೊಲೀಸ್ ಆಗುವ ಕನಸು ಮುರಿಯಿತು. ಈ ಪಾತ್ರಕ್ಕಾಗಿ ಸ್ಟಲೋನ್ ಸುಮಾರು 18 ಕಿಲೋ ತೂಕ ಹೆಚ್ಚಿಸಿಕೊಂಡರು. ಮೂಗಿಗೆ ಬ್ಯಾಂಡೇಜ್, ಜೋತ ಭುಜ, ತಗ್ಗಿದ ದನಿ. ಆ ವರ್ಷ ಸ್ಟಾಕ್‌ಹೋಮ್ ಚಿತ್ರೋತ್ಸವ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಕೊಟ್ಟಿತು. ಆದರೂ ಸ್ಟಲೋನ್ ಹೆಸರೆತ್ತಿದರೆ ಈ ಚಿತ್ರ ನೆನಪಿಸುವವರು ನನಗೆ ಸಿಕ್ಕಿದ್ದು ತೀರಾ ಕಡಿಮೆ. ಹೊಡೆದಾಟಕ್ಕೆಂದು ಬಂದವರಿಗೆ ಒಂದೂವರೆ ಗಂಟೆ ಕಾಯುವ ತಾಳ್ಮೆ ಇರಲಿಲ್ಲ, ಕಾಯಬಲ್ಲವರು ಸ್ಟಲೋನ್ ಹೆಸರು ನೋಡಿಯೇ ಹಿಂದೆ ಸರಿದರು ಅಂತ ನನ್ನ ಅಂದಾಜು.

ಮೊದಲ ಕರಡಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಫ್ರೆಡ್ಡಿಯ ಭಾಷೆಯದು. ಕೈ ತಾನಾಗಿ ಹೀರೋ ಭಾಷೆ ಬರೆಯುತ್ತಿತ್ತು. ಅವನು ಅರ್ಧಕ್ಕೇ ನಿಲ್ಲಿಸಿದ ವಾಕ್ಯವನ್ನು ನಾನು ಪೂರ್ತಿ ಮಾಡುತ್ತಿದ್ದೆ, ತೊದಲಿದ್ದನ್ನು ನೇರ ಮಾಡುತ್ತಿದ್ದೆ. ಓದಿ ನೋಡಿದರೆ ಅದು ಹಳೇ ಸ್ಟಲೋನ್ ಮಾತಾಡಿದ ಹಾಗೇ ಇತ್ತು. ನಟ ಅಷ್ಟು ಕಷ್ಟಪಟ್ಟು ಕಳಚಿಟ್ಟಿದ್ದನ್ನು ನಾನು ಮತ್ತೆ ತೊಡಿಸುತ್ತಿದ್ದೆ. ಮೊದಲ ಮೂವತ್ತು ನಿಮಿಷದ ಸಾಲುಗಳನ್ನೆಲ್ಲ ಅಳಿಸಿ, ಅವನು ನುಂಗಿದ ಮಾತನ್ನು ನಾನೂ ನುಂಗುತ್ತಾ ಮತ್ತೆ ಬರೆದೆ.

ಆಮೇಲೆ ನೀನು, ನೀವು. ಇಂಗ್ಲಿಷಿನಲ್ಲಿ ಎಲ್ಲರೂ ಎಲ್ಲರಿಗೂ ಒಂದೇ ಪದ ಬಳಸುತ್ತಾರೆ. ಕನ್ನಡದಲ್ಲಿ ಬರೆಯುವಾಗ ಆ ಊರಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನೋದನ್ನು ಸಾಲುಸಾಲಿಗೂ ತೀರ್ಮಾನಿಸಬೇಕು. ರೇ ಫ್ರೆಡ್ಡಿಗೆ ನೀನು ಅನ್ನುತ್ತಾನೆ, ಫ್ರೆಡ್ಡಿ ರೇಗೆ ನೀವು. ಇದರಲ್ಲಿ ಅನುಮಾನವೇ ಬರಲಿಲ್ಲ. ಡಿ ನಿರೋ ಮಾಡಿದ ಟಿಲ್ಡನ್ ಪಾತ್ರಕ್ಕೆ ಮಾತ್ರ ತಲೆ ಕೆಡಿಸಿಕೊಂಡೆ. ಅವನು ಪೊಲೀಸರ ಮೇಲೇ ತನಿಖೆ ಮಾಡುವ ಅಧಿಕಾರಿ. ಮೊದಲು ಫ್ರೆಡ್ಡಿಯ ಸಹಾಯ ಕೇಳಿಕೊಂಡು ಬಂದಾಗ ನೀವು ಅನ್ನಿಸಿದೆ. ಮುಂದೆ ಫ್ರೆಡ್ಡಿಯೇ ಅವನ ಕಚೇರಿಗೆ ಹೋಗುತ್ತಾನೆ, ಅಷ್ಟರಲ್ಲಿ ಕಾಲ ಮೀರಿರುತ್ತದೆ, ಟಿಲ್ಡನ್ ಸಿಡಿಯುತ್ತಾನೆ. ಅಲ್ಲಿ ಒಂದೇ ಏಟಿಗೆ ನೀನು. ಅಪ್ಪ ಆ ಜಾಗದಲ್ಲಿ ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತರು. ಅಲ್ಲಿ ಬೈಗುಳವೂ ಇದೆ, ಕಿವುಡು ಎಂದು ಹಂಗಿಸುವುದೂ ಇದೆ. ಬೈಗುಳಕ್ಕೆ ‘ನನ್ಮಗನೇ’ ಸಾಕಾಯಿತು. ‘ಕಿವುಡ’ ಎಂಬುದನ್ನು ಮೆತ್ತಗೆ ಮಾಡಲಿಲ್ಲ, ಆ ಪದ ಚುಚ್ಚಲೇಬೇಕು.

ತಾಂತ್ರಿಕ ಭಾಗ ಬೇಗ ಹೇಳಿಬಿಡುತ್ತೇನೆ. ಟೈಮಿಂಗ್ ಕೂರಿಸಿದ್ದು ಏಜಿಸಬ್ ಎಂಬ ಸಬ್‌ಟೈಟಲ್ ತಂತ್ರಾಂಶದಲ್ಲಿ. ಒಂದು ಹೊತ್ತಿಗೆ ಎರಡೇ ಸಾಲು, ಕಡಿಮೆಯೆಂದರೆ ಒಂದೂವರೆ ಸೆಕೆಂಡ್. ಅಪ್ಪನಿಗೆ ಓದಿಸಿ, ಗಡಿಯಾರ ನೋಡಿ ಇಟ್ಟುಕೊಂಡ ಲೆಕ್ಕ ಇದು. ಕನ್ನಡದ ಒತ್ತಕ್ಷರ ಕೆಳಗಿಳಿಯುವುದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಸಾಲಿನ ಅಂತರ ಹೆಚ್ಚಿಸಲೇಬೇಕು. ಟಿವಿಯಲ್ಲಿ ಅಕ್ಷರಗಳು ಒಡೆದು ಕಂಡಿದ್ದರಿಂದ ಕೊನೆಗೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಸಬ್‌ಟೈಟಲನ್ನು ಚಿತ್ರದೊಳಗೇ ಅಚ್ಚು ಹಾಕಿದೆ. ಇನ್ನೊಂದು ಎಚ್ಚರಿಕೆ: ಈ ಚಿತ್ರಕ್ಕೆ ಸುಮಾರು 105 ನಿಮಿಷದ ಥಿಯೇಟರ್ ಆವೃತ್ತಿಯೂ 116 ನಿಮಿಷದ ನಿರ್ದೇಶಕರ ಆವೃತ್ತಿಯೂ ಇವೆ. ಒಂದಕ್ಕೆ ಕೂರಿಸಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹದಿನೈದು ಸಂಜೆಗಳ ಕೆಲಸ ಹಾಗೆ ಹೋಯಿತು.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದೂ ಒಂದು ಸಮಸ್ಯೆ. ಇಂಗ್ಲಿಷ್ ವಾಕ್ಯ ಎರಡು ಶಾಟ್‌ಗಳಿಗೆ ಹರಡಿದ್ದರೆ ಮುಖ್ಯ ವಿಷಯ ಮೊದಲ ಶಾಟ್‌ನಲ್ಲೇ ಬಂದಿರುತ್ತದೆ, ಕನ್ನಡದಲ್ಲಿ ಅದು ಎರಡನೆಯದಕ್ಕೆ ಜಾರುತ್ತದೆ. ಮುಖ ಬಾಡಿದ್ದು ಮೊದಲು, ಕಾರಣ ಆಮೇಲೆ. ಅಂಥ ಕಡೆ ವಾಕ್ಯವನ್ನು ಎರಡು ಚಿಕ್ಕ ವಾಕ್ಯ ಮಾಡಿದೆ.

ಕೆಲವು ಕಡೆ ಕನ್ನಡವೇ ಕೈ ಹಿಡಿಯಿತು. ಫ್ರೆಡ್ಡಿ ಮನೆಯಲ್ಲಿ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಗ್ರಾಮಫೋನ್ ತಟ್ಟೆ ಕೇಳುತ್ತಿರುತ್ತಾನೆ. ಅವನು ಕಾಪಾಡಿದ ಹುಡುಗಿ ಲಿಜ್ ಈಗ ಬೇರೆಯವನ ಹೆಂಡತಿ. ಈ ಹಾಡು ಈಗ ಸ್ಟೀರಿಯೊದಲ್ಲಿ ಸಿಗುತ್ತದಲ್ಲ ಎಂಬ ಅವಳ ಮಾತಿಗೆ, ತನಗೆ ಅದರಿಂದ ವ್ಯತ್ಯಾಸವಾಗದು ಅನ್ನುವ ಉತ್ತರ. ನಾನು ಬರೆದದ್ದು: “ನಂಗೆ ಎರಡೂ ಒಂದೇ.” ಒಂದೇ ಕಿವಿಯವನ ಬಾಯಲ್ಲಿ ಆ ಮಾತು ಕೂತ ರೀತಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಕೊನೆಯ ಕಾಳಗ. ರೇ ಕಡೆಯವನೊಬ್ಬ ಫ್ರೆಡ್ಡಿಯ ಒಳ್ಳೇ ಕಿವಿಯ ಪಕ್ಕದಲ್ಲೇ ಗುಂಡು ಹಾರಿಸುತ್ತಾನೆ. ಅಲ್ಲಿಂದ ನಮಗೂ ಏನೂ ಸರಿಯಾಗಿ ಕೇಳುವುದಿಲ್ಲ, ಎಲ್ಲ ನೀರಿನಡಿಯಿಂದ ಬಂದ ಹಾಗೆ. ತುಟಿ ನೋಡಿ ಊಹಿಸಿ ಕೆಲವು ಸಾಲು ಬರೆದಿದ್ದೆ, ಎಲ್ಲ ತೆಗೆದುಹಾಕಿದೆ. ನೋಡುವವರಿಗೆ ಅಲ್ಲಿ ಫ್ರೆಡ್ಡಿಗಿಂತ ಹೆಚ್ಚು ಗೊತ್ತಾಗಬಾರದು.

ಕೊನೆಗೆ ಗುಂಡು ತಿಂದ ರೇ ಏನೋ ಹೇಳುತ್ತಾನೆ, ತನಗೆ ಕೇಳುತ್ತಿಲ್ಲ ಎಂಬರ್ಥದ ಪುಟ್ಟ ಉತ್ತರ ಕೊಡುತ್ತಾನೆ ಫ್ರೆಡ್ಡಿ. ಮೊದಲು “ನಂಗೆ ಕೇಳಿಸ್ತಿಲ್ಲ, ರೇ” ಎಂದು ಬರೆದೆ. ಆಮೇಲೆ, ಈಗಲಾದರೂ ಅವನು ತಲೆಯೆತ್ತಲಿ ಎಂದು “ನೀನು ಹೇಳೋದು ಕೇಳಿಸ್ತಿಲ್ಲ” ಮಾಡಿದೆ. ಅಪ್ಪ ಒಪ್ಪಲಿಲ್ಲ. “ಇವನು ಅಂಥವನಲ್ಲ. ಸಾಯಿಸೋವಾಗಲೂ ಬಹುವಚನ ಬಿಡಲ್ಲ” ಅಂದರು. ಸರಿ ಅನ್ನಿಸಿತು. ಆಗಲೇ ಹೊಳೆದದ್ದು, ನಮ್ಮಲ್ಲಿ ‘ಕೇಳಲ್ಲ’ ಅಂದರೆ ಕಿವಿಗೆ ಬೀಳುತ್ತಿಲ್ಲ ಅಂತಲೂ ಹೌದು, ಹೇಳಿದ ಹಾಗೆ ನಡೆಯಲ್ಲ ಅಂತಲೂ ಹೌದು. ಚಿತ್ರದುದ್ದಕ್ಕೂ ರೇ ಮಾತು ಕೇಳಿಕೊಂಡೇ ಬಂದವನು ಫ್ರೆಡ್ಡಿ. ‘ನಂಗೆ’ ಎಂಬುದನ್ನು ತೆಗೆದರೆ ಎರಡೂ ಅರ್ಥ ನಿಲ್ಲುತ್ತವೆ.

“ನಿಮ್ಮ ಮಾತು ಕೇಳಲ್ಲ, ರೇ.”

ಇಷ್ಟನ್ನು ಎರಡು ಸೆಕೆಂಡ್ ಇಟ್ಟಿದ್ದೇನೆ. ಅದರ ಹಿಂದೆ ಮುಂದೆ ಪರದೆಯ ಕೆಳಭಾಗ ಖಾಲಿ.