ಹಾಜರಿ ಪುಸ್ತಕದ ಹಿಂದಿನ ಪುಟ

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ 19 ವರ್ಷದಿಂದ ಹಾಜರಿ ಕರೆಯುತ್ತಿದ್ದೇನೆ. ಹೊಸದಾಗಿ ಬಂದ ಟೀಚರ್‌ಗಳು ಕೇಳುವುದು ಒಂದೇ: "ಮೇಡಂ, ಮಕ್ಕಳು ವಾರಗಟ್ಟಲೆ ಬರಲ್ಲ, ಏನ್ ಮಾಡೋದು?" ನಾನು ತಿರುಗಿ ಕೇಳುವುದೂ ಒಂದೇ: "ಅವರ ಮನೇಲಿ ಹುಳು ಎಷ್ಟನೇ ಜ್ವರದಲ್ಲಿದೆ?"

ನಗಬೇಡಿ. ನಮ್ಮ ಕಡೆ ರೇಷ್ಮೆಯೇ ಬದುಕು. ಹುಳು 4 ಸಲ ಪೊರೆ ಬಿಡುತ್ತದೆ, ಅದಕ್ಕೇ ಜ್ವರ ಅನ್ನುವುದು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅದಕ್ಕೆ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಇಡೀ ಬೆಳೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಪಾಲು ಆ ವಾರದಲ್ಲೇ ಖಾಲಿ. ಆಮೇಲೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಹಣ್ಣಾದದ್ದನ್ನು ಕೂಡಲೇ ಆರಿಸಿ ಚಂದ್ರಿಕೆಗೆ, ಅಂದರೆ ಅದು ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ಆ ದಿನ ಮನೆಯಲ್ಲಿ ಎಷ್ಟು ಕೈ ಇದ್ದರೂ ಬೇಕು. 5ನೇ ಕ್ಲಾಸಿನ ಕೈ ಆದರೂ ಸರಿ.

ಅದಕ್ಕೇ ನನ್ನ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಒಂದು ಪಟ್ಟಿ ಇರುತ್ತದೆ: ಯಾರ ಮನೆಗೆ ಚಾಕಿ ಹುಳು (ಸಾಕಲು ತರುವ ಮರಿ ಹುಳು) ಯಾವತ್ತು ಬಂತು ಅಂತ. ಮಕ್ಕಳೇ ಹೇಳುತ್ತಾರೆ, ಸುಮ್ನೆ ಕೇಳಿದರೆ ಸಾಕು. ಎರಡನೇ ಜ್ವರ ಎದ್ದ ಚಾಕಿ ತಂದಿದ್ದರೆ ಸುಮಾರು 10 ದಿನಕ್ಕೆ ನಾಲ್ಕನೇ ಜ್ವರ ಮುಗಿಯುತ್ತದೆ. ಆ ಮಗು ತಪ್ಪಿಸಿಕೊಳ್ಳುವ ವಾರ ಯಾವುದು ಅಂತ ನನಗೆ ಮುಂಚೆಯೇ ಗೊತ್ತಿರುತ್ತದೆ. ಅದರ ಹಿಂದಿನ ದಿನ ಸಂಜೆಯೇ ನಾನು ಹಾಲಿನ ಡೈರಿ ಹತ್ತಿರ ಹೋಗಿ ನಿಲ್ಲುತ್ತೇನೆ. ಫೋನ್ ಎತ್ತದವರೂ ಹಾಲು ಹಾಕಲು ಬರಲೇಬೇಕು, ಅಲ್ವಾ?

ಅಲ್ಲಿ "ಯಾಕಮ್ಮ ಕಳಿಸಲ್ಲ?" ಅಂತ ಶುರು ಮಾಡಬೇಡಿ. ನಮ್ಮಲ್ಲಿ ಎಷ್ಟೋ ಮನೆಯ ಮಾತು ತೆಲುಗು. "ರೇಪು ಪಂಪಿಸ್ತಾಮು ಮೇಡಂ", ನಾಳೆ ಕಳಿಸ್ತೀವಿ, ಅಂದುಬಿಡುತ್ತಾರೆ. ಆ ನಾಳೆ ಬರುವುದೇ ಇಲ್ಲ. ನಾನು ಮೊದಲು ಬೆಳೆ ವಿಚಾರಿಸುತ್ತೇನೆ, ಸೊಪ್ಪು ಸಾಲುತ್ತಾ ಅಂತ ಕೇಳುತ್ತೇನೆ. ಆಮೇಲೆ ಚೌಕಾಸಿ. "ಬೆಳಿಗ್ಗೆ ಸ್ಕೂಲಿಗೆ ಬರೋಕೆ ಮುಂಚೆ ಒಂದು ಸಲ, ಸಂಜೆ ಮನೆಗೆ ಬಂದ ಮೇಲೆ ಒಂದು ಸಲ ಸೊಪ್ಪು ಹಾಕಲಿ. ಹುಳು ಹಣ್ಣಾದ ದಿನ ಮಾತ್ರ ನನಗೆ ಹೇಳಿ ಇಟ್ಕೊಳ್ಳಿ." ಆರು ದಿನ ಹೋಗಬೇಕಾದದ್ದು ಒಂದು ದಿನಕ್ಕೆ ಇಳಿಯುತ್ತದೆ. ಮನೆ ಕೆಲಸಕ್ಕೆ ಮಕ್ಕಳು ಕೈ ಹಾಕುವುದಾದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ ಅಂತ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯೇ ಹೇಳುತ್ತದೆ. ಆದರೆ ಡೈರಿ ಮುಂದೆ ಕಾನೂನು ತೆಗೆದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅದನ್ನು ನಾನು ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ.

ಇನ್ನು ಪುಸ್ತಕದ ಮುಂದಿನ ಪುಟಗಳು. ಬೆಳಿಗ್ಗೆ ಒಂದು ಸಲ, ಊಟ ಆದ ಮೇಲೆ ಒಂದು ಸಲ, ಹೆಸರು ಕರೆದು, ಮುಖ ನೋಡಿ, ಪೆನ್ನಿನಲ್ಲಿ ಬರೆಯಿರಿ. ಪೆನ್ಸಿಲ್ ಚುಕ್ಕೆ ಇಟ್ಟು ತಿಂಗಳ ಕೊನೆಗೆ ತುಂಬುವ ಅಭ್ಯಾಸ ಬೇಡ. ಇದನ್ನು ನಾನು ಕಲಿತದ್ದು ಹೆದರಿಕೆಯಿಂದ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ದಿನ ಗಡಿಬಿಡಿಯಲ್ಲಿ ಎಲ್ಲರಿಗೂ ಹಾಜರಿ ಹಾಕಿಬಿಟ್ಟೆ. ಮೂರು ಗಂಟೆಗೆ ಒಬ್ಬ ಹುಡುಗನ ಅಪ್ಪ ಅವನನ್ನು ಕರೆದುಕೊಂಡು ಹೋಗಲು ಬಂದರು. ಹುಡುಗ ಕ್ಲಾಸಿನಲ್ಲಿ ಇಲ್ಲ. ಮನೆಯಿಂದ ಬ್ಯಾಗ್ ಹಾಕಿಕೊಂಡು ಹೊರಟಿದ್ದಾನೆ, ನನ್ನ ಪುಸ್ತಕದಲ್ಲಿ ಹಾಜರ್! ಕೆರೆ ಕಡೆ ಹುಡುಕಲು ಓಡಿದವರ ಹಿಂದೆ ನಾನೂ ಓಡಿದೆ. ಅವನು ಸ್ನೇಹಿತನ ಜೊತೆ ಮಾವಿನ ತೋಪಿನಲ್ಲಿ ಕೂತಿದ್ದ. ಆ ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಪುಸ್ತಕ ನೋಡಿ, ಮುಚ್ಚಿ, ಟೇಬಲ್ ಮೇಲೆ ಇಟ್ಟು ಹೋದರು. ಅವತ್ತಿನಿಂದ ಬೆಳಿಗ್ಗೆ 11ರ ಒಳಗೆ, ಬರದ ಪ್ರತಿ ಮಗುವಿನ ಬಗ್ಗೆ ಅದೇ ಬೀದಿಯ ಇನ್ನೊಂದು ಮಗುವನ್ನು ಕೇಳುತ್ತೇನೆ. ಸುಳಿವು ಸಿಗದಿದ್ದರೆ ಅಮ್ಮನಿಗೆ ಫೋನ್. ಶಾಲೆಯಲ್ಲಿ ಬರೆಸಿದ ನಂಬರ್ ಎಷ್ಟೋ ಸಲ ಸ್ವಿಚ್ ಆಫ್. ಪಕ್ಕದ ಮನೆಯವರದ್ದೂ ಒಂದು ಬರೆದಿಟ್ಟುಕೊಳ್ಳಿ. ಮೂರನೇ ದಿನವೂ ಬರದಿದ್ದರೆ ಮನೆಗೆ ಹೋಗಿ.

ವಾಪಸ್ ಬಂದ ಮಗುವಿಗೆ "ಏನು ಸಾಹೇಬ್ರು ದಾರಿ ತಪ್ಪಿ ಬಂದ್ರಾ?" ಅನ್ನುವ ತಮಾಷೆ ಬೇಡವೇ ಬೇಡ. ಆ ಒಂದು ಮಾತಿಗೆ ಇನ್ನೆರಡು ದಿನ ಬರುವುದಿಲ್ಲ. ನಾನಂತೂ ಗೂಡು ಎಷ್ಟು ಕೆಜಿ ಆಯ್ತು, ಮಾರ್ಕೆಟ್‌ನಲ್ಲಿ ಏನು ರೇಟು ಹೋಯ್ತು ಅಂತ ಕೇಳಿ, ಅದನ್ನೇ ಬೋರ್ಡಿನ ಮೇಲೆ ಗುಣಾಕಾರ ಮಾಡಿಸುತ್ತೇನೆ.

ಎಲ್ಲಾ ಗೈರಿಗೂ ಹುಳು ಕಾರಣವಲ್ಲ. ಶಿವರಾತ್ರಿಯ ನಂದಿ ಜಾತ್ರೆ, ಯುಗಾದಿ ಮಾರನೇ ದಿನದ ಹೊಸತೊಡಕು, ಇವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 6, 7ನೇ ಕ್ಲಾಸಿನ ಹುಡುಗಿ ತಿಂಗಳಿಗೆ ಮೂರ್ನಾಲ್ಕು ದಿನ ಬರದಿದ್ದರೆ ಶಾಲೆಯ ಶೌಚಾಲಯಕ್ಕೆ ಚಿಲಕ, ನೀರು ಇದೆಯಾ ನೋಡಿ. ಕೂಲಿಗೆ ಊರು ಬಿಟ್ಟು ಹೋದವರ ಮಗುವಿನ ಹೆಸರು ಹೊಡೆದು ಹಾಕಬೇಡಿ. 8ನೇ ಕ್ಲಾಸು ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ತೆಗೆಯುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹೋದ ಊರಿನ ಶಾಲೆಗೆ ಮಗುವಿನ ಸ್ಯಾಟ್ಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಇರುವ ನಂಬರ್) ಕೊಟ್ಟರೆ ಅವರಿಗೂ ಸುಲಭ.

ದೊಡ್ಡ ಹುಡುಗಿ ವಾರದಿಂದ ಬಂದಿಲ್ಲ, ಮನೆಯವರು ಮುಖ ಕೊಟ್ಟು ಮಾತಾಡುತ್ತಿಲ್ಲ, ಜೊತೆಯವರು "ಅವಳಿಗೆ ಗಂಡು ನೋಡ್ತಿದಾರೆ ಮಿಸ್" ಅಂತ ಪಿಸುಗುಟ್ಟಿದರು ಅಂದರೆ ಡೈರಿ ಹತ್ತಿರ ಚೌಕಾಸಿ ಮಾಡುತ್ತಾ ನಿಲ್ಲಬೇಡಿ. ಹೆಡ್‌ಮಾಸ್ಟರಿಗೆ ಹೇಳಿ, ಅದೇ ದಿನ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಒಬ್ಬರೇ ಆ ಮನೆಗೆ ಹೋಗಬೇಡಿ.