ಜೋನಿಬೆಲ್ಲ ಬೆರೆಯಿತು, ಎಣ್ಣೆ ಯಾಕೆ ಬೆರೆಯಲಿಲ್ಲ?

ಬಿಸಿ ದೋಸೆಗೆ ಜೋನಿಬೆಲ್ಲ (ಪಾಕದಂತೆ ಹರಿಯುವ ಬೆಲ್ಲ), ಮೇಲೊಂದು ಚಮಚ ತುಪ್ಪ. ಎಷ್ಟೇ ಕಲಸಿದರೂ ತುಪ್ಪ ಬೆಲ್ಲದೊಳಗೆ ಸೇರುವುದಿಲ್ಲ, ಸಣ್ಣ ಸಣ್ಣ ಬೊಟ್ಟಾಗಿ ಬೇರೆಯೇ ನಿಲ್ಲುತ್ತದೆ. ಅಪ್ಪೆಹುಳಿಯ ಮೇಲೆ ಒಗ್ಗರಣೆ ಎಣ್ಣೆ ತೇಲುವುದೂ ಹೀಗೇ. ‘ಎಣ್ಣೆ ಹಗುರ, ಅದಕ್ಕೇ ಬೆರೆಯಲ್ಲ’ ಎಂದು ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? ಆ ಕಾರಣ ಸರಿಯಿಲ್ಲ. ಅಡುಗೆಮನೆಯಲ್ಲೇ ಮಾಡಿ ನೋಡಬಹುದು.

ಮುಚ್ಚಳ ಇರುವ ಗಾಜಿನ ಬಾಟಲಿ, ಜೋನಿಬೆಲ್ಲ, ಉಗುರುಬೆಚ್ಚಗಿನ ನೀರು, ಕೊಬ್ಬರಿ ಎಣ್ಣೆ, ನಾಲ್ಕೈದು ಅಂಟುವಾಳದ ಕಾಯಿ ಇದ್ದರೆ ಸಾಕು. ಬೀಜ ತೆಗೆದು ಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಹಾಕಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ನಮ್ಮ ಮಳೆಗಾಲದಲ್ಲಿ ಅದನ್ನು ಮೊದಲು ಕರಗಿಸಿಕೊಳ್ಳಬೇಕು.

ಹಂತ 1: ಬಾಟಲಿಯ ತಳಕ್ಕೆ ಎರಡು ಬೆರಳು ಜೋನಿಬೆಲ್ಲ ಹಾಕಿ. ಚಮಚದ ಬೆನ್ನಿನ ಮೇಲೆ ನಿಧಾನವಾಗಿ ನೀರು ಇಳಿಸಿ, ಆಮೇಲೆ ಎಣ್ಣೆ. ಮೂರು ಪದರ ಕಾಣುತ್ತದೆ. ಇಲ್ಲಿ ನಡೆದಿರುವುದು ತೂಕದ ಲೆಕ್ಕ. ಒಂದು ಲೀಟರ್ ನೀರು 1,000 ಗ್ರಾಂ ಇದ್ದರೆ ಕೊಬ್ಬರಿ ಎಣ್ಣೆ ಸುಮಾರು 920 ಗ್ರಾಂ. ಬೆಲ್ಲ ನೀರಿಗಿಂತ ಭಾರ.

ಹಂತ 2: ಚಮಚದಿಂದ ಚೆನ್ನಾಗಿ ತಿರುಗಿಸಿ, ಐದು ನಿಮಿಷ ಬಿಡಿ. ಭಾರವಿದ್ದ ಬೆಲ್ಲ ನೀರಲ್ಲಿ ಒಂದಾಗಿದೆ. ಎಣ್ಣೆ ಮಾತ್ರ ಮತ್ತೆ ಮೇಲೆ ಬಂದು ಕೂತಿದೆ. ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ತೂಕ ಹೇಳುತ್ತದೆ. ಬೆರೆಯುವುದು ಬಿಡುವುದು ಬೇರೆ ಮಾತು. ಶುದ್ಧ ಆಲ್ಕೋಹಾಲ್ ಲೀಟರಿಗೆ ಸುಮಾರು 790 ಗ್ರಾಂ, ಎಣ್ಣೆಗಿಂತಲೂ ಹಗುರ. ಆದರೂ ನೀರಿನ ಜೊತೆ ಎಷ್ಟು ಬೇಕಾದರೂ ಬೆರೆಯುತ್ತದೆ. 50 ಮಿಲಿಗೆ 50 ಮಿಲಿ ಸೇರಿಸಿದರೆ 100 ಕೂಡ ಆಗುವುದಿಲ್ಲ, ಮೂರ್ನಾಲ್ಕು ಮಿಲಿ ಕಮ್ಮಿ! ಅಷ್ಟು ಒತ್ತಾಗಿ ಸೇರಿಕೊಳ್ಳುತ್ತವೆ.

ಹಾಗಾದರೆ ಕಾರಣ ಏನು? ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಆಕ್ಸಿಜನ್ ಕಡೆ ತುಸು ಋಣ ವಿದ್ಯುತ್, ಹೈಡ್ರೋಜನ್ ಕಡೆ ತುಸು ಧನ. ಹಾಗಾಗಿ ಒಂದು ಅಣು ಪಕ್ಕದ್ದನ್ನು ಎಳೆದು ಹಿಡಿದಿರುತ್ತದೆ. ಸಕ್ಕರೆಗೂ ಆಲ್ಕೋಹಾಲಿಗೂ ಇಂಥದ್ದೇ ಹಿಡಿಕೆಗಳಿವೆ, ನೀರು ಸೇರಿಸಿಕೊಳ್ಳುತ್ತದೆ. ಎಣ್ಣೆಯ ಅಣುವೋ ಬಹುಪಾಲು ಕಾರ್ಬನ್, ಹೈಡ್ರೋಜನ್‌ಗಳ ಉದ್ದ ಸರಪಳಿ. ಹಿಡಿಯಲು ಏನೂ ಸಿಗದು. ಎಣ್ಣೆಗೂ ನೀರಿಗೂ ಜಗಳವೇನಿಲ್ಲ. ಸಾಗರದ ಬಸ್ಸಿನಲ್ಲಿ ಒಂದೇ ಊರಿನವರು ಒತ್ತಾಗಿ ಕೂತು ಮಾತಿಗಿಳಿದರೆ ಹೊರಗಿನವರು ತಾವಾಗಿಯೇ ಹಿಂದಿನ ಸೀಟಿಗೆ ಹೋಗುತ್ತಾರಲ್ಲ, ಹಾಗೆ.

ಹಂತ 3: ಈಗ ಅಂಟುವಾಳದ ನೀರನ್ನು ಸೋಸಿ ಸೇರಿಸಿ, ಮುಚ್ಚಳ ಹಾಕಿ ಜೋರಾಗಿ ಕುಲುಕಿ. ನೊರೆ ಏಳುತ್ತದೆ, ದ್ರಾವಣ ಮಬ್ಬಾಗುತ್ತದೆ, ಎಣ್ಣೆ ಬೇಗ ಮೇಲೆ ಬರುವುದಿಲ್ಲ. ಅಂಟುವಾಳದಲ್ಲೂ ಸೀಗೆಯಲ್ಲೂ ಇರುವ ಸಪೋನಿನ್‌ಗೆ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಎಣ್ಣೆಯನ್ನು. ಎಣ್ಣೆಸ್ನಾನದ ಜಿಡ್ಡು ಹೋಗುವುದು ಇದರಿಂದಲೇ. ಆದರೆ ಎಣ್ಣೆ ಕರಗಿಲ್ಲ, ಸಣ್ಣ ಹನಿಯಾಗಿದೆ ಅಷ್ಟೆ.

ಮಕ್ಕಳು ಮಾಡುವಾಗ ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ನೀರು ಹತ್ತಿರಕ್ಕೂ ತರಬೇಡಿ. ಆ್ಯಸಿಡ್ ಇರುವ ಕ್ಲೀನರಿಗೆ ಬ್ಲೀಚ್ ಸೇರಿದರೆ ವಿಷದ ಕ್ಲೋರಿನ್ ಬರುತ್ತದೆ.

ಇದು ಹಿತ್ತಲಿಗೂ ಬರುತ್ತದೆ. ಅಲಸಂದೆಗೆ ಕಪ್ಪು ಹೇನು ಹತ್ತಿದಾಗ ಲೀಟರಿಗೆ 5 ಮಿಲಿ ಬೇವಿನೆಣ್ಣೆ ಹೊಡೆಯುತ್ತೇವೆ. ಬರೀ ನೀರಿಗೆ ಸುರಿದರೆ ಎಣ್ಣೆ ಮೇಲೆ, ಪಂಪಿನ ಕೊಳವೆ ತಳದಲ್ಲಿ. ಮೊದಲ ಗಿಡಗಳಿಗೆ ಬರೀ ನೀರು, ಕೊನೆಯದಕ್ಕೆ ಬರೀ ಎಣ್ಣೆ! ಎಲೆ ಸುಡುತ್ತದೆ. ಮೊದಲು ಎಣ್ಣೆಗೆ ಅರ್ಧ ಚಮಚ ಸೋಪಿನ ದ್ರಾವಣ ಹಾಕಿ, ಸ್ವಲ್ಪ ಬೆಚ್ಚನೆ ನೀರಲ್ಲಿ ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು ಸೇರಿಸಿ. ಹೊಡೆಯುವಾಗ ಆಗಾಗ ಕುಲುಕುತ್ತಿರಿ. ಬಿಸಿಲು ಇಳಿದ ಮೇಲೆ ಹೊಡೆಯಿರಿ. ಅವತ್ತಿಗೆ ಬೇಕಾದಷ್ಟೇ ಕಲಸಿಕೊಳ್ಳಿ, ಮಾರನೇ ದಿನಕ್ಕೆ ಅದು ಮತ್ತೆ ಒಡೆದಿರುತ್ತದೆ.